ತಬಲಾ ಹಿಂದೆ ಬಿದ್ದ ಕಡೆ

“ಗುರುಗಳೇ, ಜೊತೆಗಾರ ನಿಧಾನಿಯಾದರೆ ಅವನನ್ನು ಬಿಟ್ಟು ಮುಂದೆ ಹೋಗುವುದು ತಪ್ಪೇ?”

ಕೇಳಿದವನು ಅಡವೇಶ. ಮಠದಲ್ಲಿ ಓದುತ್ತಿದ್ದ ಶಿಷ್ಯರಲ್ಲಿ ಚುರುಕಾದವನು. ಅವನೂ ಫಕೀರೇಶನೆಂಬ ಇನ್ನೊಬ್ಬ ಶಿಷ್ಯನೂ ಎದುರುಬದುರು ಕೂತು ಒಂದೇ ಗ್ರಂಥವನ್ನು ಓದುತ್ತಿದ್ದರು. ಫಕೀರೇಶ ಅಲ್ಲಲ್ಲಿ ನಿಲ್ಲುತ್ತಿದ್ದ. ಓದಿ ಮುಗಿಸಿದ ಸಾಲಿಗೆ ಮತ್ತೆ ಹೋಗುತ್ತಿದ್ದ. ಉಳಿದವರು ದಾಟಿ ಹೋದ ಅಧ್ಯಾಯದಲ್ಲಿ ಇವರಿಬ್ಬರು ಇನ್ನೂ ಕೂತಿದ್ದರು. ಅಡವೇಶನಿಗೆ ಅದು ನಾಚಿಕೆಯ ಸಂಗತಿಯಾಗಿತ್ತು. ನಾಳೆಯಿಂದ ಒಬ್ಬನೇ ಓದಲು ಅಪ್ಪಣೆ ಬೇಡಲು ಅವನು ಬಂದಿದ್ದ.

ಗುರುಗಳು ಕೂತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಹಗಲು ಕಚೇರಿಯ ಕೆಲಸ, ಸಂಜೆ ಹಾಡು. ದೊಡ್ಡ ವಿದ್ವಾಂಸರ ಬಳಿ ಕಲಿತವನಲ್ಲ. ಚಿಕ್ಕಂದಿನಲ್ಲಿ ಭಜನೆಯವರ ಜೊತೆ ಕೂತು, ಮುಂದೆ ಊರಿನ ಸಂಗೀತ ಮಾಸ್ತರರ ಮನೆಗೆ ಹೋಗಿ ಬಂದು ಒಂದಿಷ್ಟು ರಾಗಗಳನ್ನು ಕೂಡಿಸಿಕೊಂಡಿದ್ದ. ವೇದಿಕೆ ಹತ್ತುವಷ್ಟು ವಿದ್ಯೆ ತನ್ನಲ್ಲಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಆದರೂ ಹಾಡದೆ ಮಲಗಿದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವನಿಗೊಬ್ಬ ಗೆಳೆಯನಿದ್ದ. ಔಷಧದ ಅಂಗಡಿ ಇಟ್ಟವನು. ಅವನು ತಬಲಾ ಬಾರಿಸುತ್ತಿದ್ದ. ಅವನ ಕಲಿಕೆಯೂ ಅಷ್ಟಕ್ಕಷ್ಟೇ. ರವಿವಾರ ಮಧ್ಯಾಹ್ನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ತಬಲಾದ ಚೀಲವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಗುಮಾಸ್ತನ ಮನೆಗೆ ಬರುತ್ತಿದ್ದ. ಒಬ್ಬ ಹಾರ್ಮೋನಿಯಂ ಪೇಟಿ ನುಡಿಸುತ್ತ ಹಾಡುತ್ತಿದ್ದ, ಇನ್ನೊಬ್ಬ ಬಾರಿಸುತ್ತಿದ್ದ. ಕೇಳುವವಳು ಗುಮಾಸ್ತನ ಹೆಂಡತಿ ಒಬ್ಬಳೇ, ಅದೂ ಒಳಗೆ ಕೆಲಸ ಮಾಡುತ್ತ. ಇಬ್ಬರಿಗೂ ಮದುವೆಯಾಗುವ ಮೊದಲಿನಿಂದ ಈ ರವಿವಾರದ ಹಾಡು ನಡೆದು ಬಂದಿತ್ತು.

ಒಂದು ದಿನ ಗುಮಾಸ್ತ ತನ್ನ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದ. ಇದು ತನ್ನ ದನಿಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಎರಡು ಕಡೆ ಸ್ವರ ಜಾರಿತ್ತು, ಒಂದು ಕಡೆ ಮಾತ್ರ ಚೆನ್ನಾಗಿ ಬಂದಿತ್ತು. ಆ ಒಂದು ಕಡೆಯನ್ನು ಅವನು ಮತ್ತೆ ಮತ್ತೆ ಕೇಳಿದ. ಇಡೀ ಹಾಡು ಹಾಗೆ ಬಂದರೆ ನಾಲ್ಕು ಜನಕ್ಕೆ ಕೇಳಿಸಬಹುದು, ತಾನು ಹೋದ ಮೇಲೂ ಉಳಿಯುತ್ತದೆ ಎಂಬ ಆಸೆ ಅವನಲ್ಲಿ ಹುಟ್ಟಿತು.

ಮೈಕು ಬಂತು. ಹೆಡ್‌ಫೋನು ಬಂತು. ಮಗಳು ಓದುವಾಗ ಬಳಸಿ ಬಿಟ್ಟ ಕಂಪ್ಯೂಟರು ಹಿಂದಿನ ಕೋಣೆಗೆ ಬಂತು. ಕಿಟಕಿಗೆ ಕೌದಿ ಕಟ್ಟಿದ. ಗೋಡೆಗೆ ಗಾದಿ ಒರಗಿಸಿದ. ಹಾಡುವಾಗ ಫ್ಯಾನು ಬಂದ್. ಕುಕ್ಕರು ಕೂಗಬಾರದು, ನಲ್ಲಿ ಬಿಡಬಾರದು. ತರಕಾರಿ ಗಾಡಿಯವನು ಬೀದಿಯಲ್ಲಿ ಕೂಗಿದರೆ ಹಾಡು ಮೊದಲಿನಿಂದ. ಹೆಂಡತಿ ಬರಿಗಾಲಿನಲ್ಲಿ ಓಡಾಡುವುದನ್ನು ರೂಢಿ ಮಾಡಿಕೊಂಡಳು. ಗುಮಾಸ್ತ ಬೆವರುತ್ತ ಹಾಡುತ್ತಿದ್ದ, ಒರೆಸಿಕೊಂಡು ಕೇಳುತ್ತಿದ್ದ, ಅಳಿಸುತ್ತಿದ್ದ. ಬರುಬರುತ್ತ ಹಾಡುವ ಹೊತ್ತು ಕಡಿಮೆಯಾಗಿ ಕೇಳುವ ಹೊತ್ತು ಹೆಚ್ಚಾಯಿತು.

ಕಂಪ್ಯೂಟರಿನ ಪರದೆಯ ಮೇಲೆ ತಾಳದ ಪ್ರತಿ ಮಾತ್ರೆಗೂ ಒಂದು ಗೆರೆ ಇರುತ್ತಿತ್ತು. ಪೆಟ್ಟು ಗೆರೆಯ ಮೇಲೆ ಬಿದ್ದರೆ ಲಯ ಸರಿ, ಆಚೆ ಈಚೆ ಬಿದ್ದರೆ ತಪ್ಪು. ಕಿವಿಗೆ ಸಿಗದಿದ್ದದ್ದು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ರವಿವಾರ ಗೆಳೆಯ ಇದೇ ಕೋಣೆಯಲ್ಲಿ ಬಾರಿಸಿದ್ದನ್ನು ಗುಮಾಸ್ತ ಹಾಕಿ ನೋಡಿದ. ಗೆಳೆಯನ ತಬಲಾ ಕೆಲವು ಕಡೆ ಹಿಂದೆ ಬಿದ್ದಿತ್ತು, ಕೆಲವು ಕಡೆ ಮುಂದೆ ಓಡಿತ್ತು.

ಮುಂದಿನ ರವಿವಾರ ಅವನು ಗೆಳೆಯನನ್ನು ಪರದೆಯ ಮುಂದೆ ಕೂರಿಸಿದ.

“ನೋಡೋ ಇಲ್ಲಿ. ಇಲ್ಲಿ ಹಿಂದ ಬಿದ್ದಿ. ಇಲ್ಲಿ ಓಡೀದಿ. ಇಷ್ಟ ವರ್ಷ ನಮಗ ಗೊತ್ತ ಆಗಲಿಲ್ಲ.”

ಗೆಳೆಯ ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದ. “ಹೌದು, ಹಿಂದ ಬಿದ್ದದ” ಎಂದ. 

ಆ ಮೇಲಿನ ರವಿವಾರ ಅವನು ಬರುವಷ್ಟರಲ್ಲಿ ಕಂಪ್ಯೂಟರಿನೊಳಗೆ ಒಂದು ತಬಲಾ ಬಂದು ಕೂತಿತ್ತು. ಯಾವ ತಾಳ ಬೇಕೆಂದರೆ ಆ ತಾಳ, ಯಾವ ವೇಗ ಬೇಕೆಂದರೆ ಆ ವೇಗ. ಅದು ದಣಿಯುವಂಥದಲ್ಲ, ತಪ್ಪುವಂಥದಲ್ಲ. ಈ ಒಂದು ಹಾಡು ಮುಗಿಯುವ ತನಕ ಮಾತ್ರ, ಬೇಸರ ಮಾಡಿಕೊಳ್ಳಬೇಡ ಎಂದು ಗುಮಾಸ್ತ ಹೇಳಿದ. ಗೆಳೆಯ ಆಗಲಿ ಎಂದ. ಚೀಲದ ಬಾಯಿ ಬಿಚ್ಚದೆ ಅದನ್ನು ಪಕ್ಕಕ್ಕಿಟ್ಟು ಕೇಳುತ್ತ ಕೂತ. ಹಾಡು ಅರ್ಧಕ್ಕೆ ಬಂದಾಗ ಗುಮಾಸ್ತ ನಿಲ್ಲಿಸಿ ಹೆಡ್‌ಫೋನು ತೆಗೆದ.

“ಕೈ ಸುಮ್ನ ಇಡೋ ಮಾರಾಯ. ಮೈಕಿನ್ಯಾಗ ಬರ್ತದ.”

ಗೆಳೆಯ ತನ್ನ ಕೈ ನೋಡಿಕೊಂಡ. ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ತಬಲಾದ ಠೇಕಾ ಹಿಡಿದಿದ್ದವು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ. ಹಾಡು ಮುಗಿಯುವ ತನಕ ಹಾಗೆಯೇ ಕೂತಿದ್ದು, ಚಹಾ ಕುಡಿದು ಹೋದ. ಅಂದಿನಿಂದ ಅವನು ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆ ಎಂದು ಹೇಳಿ ಕಳಿಸಿದ. ನಿಜ ಹೇಳಬೇಕೆಂದರೆ ಗುಮಾಸ್ತನಿಗೆ ಆಗ ಹಗುರವೇ ಎನಿಸಿತು.

ಆದರೆ ಹಾಡು ಮುಗಿಯಲಿಲ್ಲ. ಮೊದಲ ಸಾಲು ಸರಿಯಾಗಿ ಬರುತ್ತಿತ್ತು. ಎರಡನೆಯದು ಉದ್ದದ ಸಾಲು. ಅದರ ಕೊನೆಗೆ ಬರುವಷ್ಟರಲ್ಲಿ ತಬಲಾ ಅವನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಅವನು ಓಡಿ ಹೋಗಿ ಅದನ್ನು ಹಿಡಿಯುತ್ತಿದ್ದ, ಹಿಡಿಯುವ ಗಡಿಬಿಡಿಯಲ್ಲಿ ಸ್ವರ ಕೆಡುತ್ತಿತ್ತು. ವೇಗ ಇಳಿಸಿದ. ಹಾಡು ಎಳೆದಂತಾಯಿತೇ ಹೊರತು ತಬಲಾ ಮತ್ತೆ ಅಲ್ಲಿಯೇ ಬಿಟ್ಟು ಹೋಯಿತು. ಯಂತ್ರದಲ್ಲಿ ದೋಷವಿರಬಹುದೆಂದು ಬೇರೊಂದನ್ನು ಹಾಕಿ ನೋಡಿದ. ಅದೂ ಹಾಗೆಯೇ. ಮೊದಲು ತನ್ನ ಹಾಡಿನ ಕೊನೆಗೆ ಅವನಿಗೆ ಒಂದು ಸಮಾಧಾನ ಸಿಗುತ್ತಿತ್ತು. ಈಗ ಯಾರೋ ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಂಡಂತೆ ಏದುಸಿರು ಬರುತ್ತಿತ್ತು.

ಒಂದು ಸಂಜೆ ಅವನು ಹಳೆಯ ರೆಕಾರ್ಡಿಂಗುಗಳನ್ನು ಅಳಿಸಿ ಜಾಗ ಮಾಡಬೇಕೆಂದು ಕೂತ. ಅಳಿಸುವ ಮುಂಚೆ ಒಂದನ್ನು ಕೇಳಿದ. ಗೆಳೆಯನೊಂದಿಗೆ ಹಾಡಿದ್ದು ಅದು. ಹಾಡು ಶುರುವಾಗುವ ಮೊದಲು ಗುಮಾಸ್ತ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಪೇಟಿಯನ್ನು ಎಳೆದುಕೊಳ್ಳುತ್ತಿದ್ದ. ಅಷ್ಟು ಹೊತ್ತು ಗೆಳೆಯ ಒಬ್ಬನೇ ಬಾರಿಸಿದ್ದ. ಗುಮಾಸ್ತ ಪರದೆಯ ಕಡೆ ನೋಡಿದ. ಒಂದೊಂದು ಪೆಟ್ಟೂ ಗೆರೆಯ ಮೇಲೆಯೇ ಬಿದ್ದಿತ್ತು. ಒಂದು ಕೂದಲಿನಷ್ಟೂ ಆಚೆ ಈಚೆ ಇರಲಿಲ್ಲ.

ಅವನು ಮತ್ತೆ ಮೊದಲಿನಿಂದ ಕೇಳಿದ. ಹಾಡು ಬಂತು. ಉದ್ದದ ಸಾಲು ಬಂತು. ಸಾಲಿನ ಕೊನೆಯಲ್ಲಿ ಅವನ ಉಸಿರು ಮುಗಿಯಿತು. ಎಷ್ಟೋ ಸಲ ಕೇಳಿದ್ದ ರೆಕಾರ್ಡಿಂಗಿನಲ್ಲಿ ಅವನು ಇದನ್ನು ಈಗ ಮೊದಲ ಸಲ ಕೇಳಿದ. ದನಿ ಅಲ್ಲಿ ಒಂದು ಗಳಿಗೆ ತಡವರಿಸಿತ್ತು. ತಬಲಾ ಅಲ್ಲಿಯೇ ತುಸು ನಿಧಾನವಾಗಿ, ಅವನು ಉಸಿರು ತೆಗೆದುಕೊಂಡ ಮೇಲೆ ಅವನ ಜೊತೆಯಲ್ಲಿ ಹೊರಟಿತ್ತು. ಮುಂದೆ ವೇಗದ ಭಾಗದಲ್ಲಿ ಅವನು ಅಂಜಿ ಓಡಿದ್ದ. ತಬಲಾ ಅವನನ್ನು ಒಬ್ಬನನ್ನೇ ಓಡಲು ಬಿಟ್ಟಿರಲಿಲ್ಲ. ಬೇರೆ ರೆಕಾರ್ಡಿಂಗುಗಳನ್ನು ತೆರೆದ. ಎಲ್ಲದರಲ್ಲಿಯೂ ಹಾಗೆಯೇ.

ಗುಮಾಸ್ತ ಹೆಡ್‌ಫೋನು ತೆಗೆದಿಟ್ಟ. ಹೆಂಡತಿ ಬಂದು ಬಾಗಿಲಲ್ಲಿ ನಿಂತು “ಯಾಕ, ಇವತ್ತ ಹಾಡಲಿಲ್ಲ?” ಎಂದಳು. ಇಷ್ಟು ವರ್ಷದ ರವಿವಾರಗಳು ಅವನ ಮುಂದೆ ಬಂದು ನಿಂತವು. ಗೆಳೆಯ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಹೌದು ಎಂದದ್ದು ಎಲ್ಲಕ್ಕಿಂತ ಮುಂದೆ ಬಂತು.

ಮರುದಿನ ಕಚೇರಿ ಬಿಟ್ಟವನು ನೇರ ಔಷಧದ ಅಂಗಡಿಗೆ ಹೋದ. ಗಿರಾಕಿಗಳು ಕರಗುವ ತನಕ ಒಂದು ಬದಿಗೆ ನಿಂತಿದ್ದ.

“ನನ್ನ ಉಸಿರು ಅಲ್ಲಿ ಮುಗೀತಿತ್ತು. ನಿನಗ ಗೊತ್ತಿತ್ತು” ಎಂದ.

ಗೆಳೆಯ ಕತ್ತರಿಯಿಂದ ಗುಳಿಗೆಯ ಪಟ್ಟಿ ಕತ್ತರಿಸುತ್ತಿದ್ದ. “ಗೊತ್ತಿತ್ತು” ಎಂದ.

“ಮತ್ತ ಯಾಕ ಹೇಳಲಿಲ್ಲೋ? ಆವತ್ತ ತೋರಿಸಿದಾಗರ ಹೇಳಬೇಕಿತ್ತು.”

“ಹೇಳಿದ್ರ ನೀ ಹಾಡೋದು ಬಿಟ್ಟು ಉಸಿರು ಕಾಯ್ಕೋತ ಕೂಡ್ತಿದ್ದಿ. ನನಗ ನಿನ್ನ ಹಾಡು ಬೇಕಾಗಿತ್ತು.”

ಗುಮಾಸ್ತನ ಕಣ್ಣು ತುಂಬಿ ಬಂತು. ಈ ರವಿವಾರ ಬಾ ಎಂದು ಬೇಡಿಕೊಂಡ. ಗೆಳೆಯ ಗುಳಿಗೆಯನ್ನು ಲಕೋಟೆಗೆ ಹಾಕಿ ಬದಿಗಿಟ್ಟ.

“ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಈಗ ಕೈ ಎತ್ತಿದ್ರ ನನಗೂ ಆ ಗೆರಿ ಕಾಣಸ್ತಾವ. ಹಿಂದ ಬಿದ್ನೇನೋ ಅಂತ ಅಂಜಿಕಿ ಬರ್ತದ.”

ಅವನು ಆ ರವಿವಾರ ಬರಲಿಲ್ಲ. ಅದರ ಮುಂದಿನ ರವಿವಾರ ಗುಮಾಸ್ತ ತಾನೇ ಪೇಟಿ ಹೊತ್ತುಕೊಂಡು ಗೆಳೆಯನ ಮನೆಗೆ ಹೋದ. ತಬಲಾದ ಮಾತೇ ಎತ್ತಲಿಲ್ಲ. ಪಡಸಾಲೆಯಲ್ಲಿ ಕೂತು ಒಂದು ಹಾಡು ಹೇಳಿ, ಚಹಾ ಕುಡಿದು ಬಂದ. ಹೀಗೆ ಎಷ್ಟೋ ವಾರ ನಡೆಯಿತು. ಗೆಳೆಯ ಎದುರಿಗೆ ಕೂತು ಕೇಳುತ್ತಿದ್ದ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು. ಗುಮಾಸ್ತ ಅದನ್ನು ನೋಡುತ್ತ ಹಾಡಬೇಕಾಗಿತ್ತು. ಅದು ಅವನಿಗೆ ಯಾವ ಕಠಿಣ ರಾಗಕ್ಕಿಂತಲೂ ಕಠಿಣವಾಗಿತ್ತು.

ಒಂದು ರವಿವಾರ ಗೆಳೆಯ ಎದ್ದು ಒಳಗೆ ಹೋಗಿ ಚೀಲ ತಂದ. ಅವನು ಶ್ರುತಿ ಸೇರಿಸುವ ತನಕ ಗುಮಾಸ್ತ ಕಾದ. ಹಾಡು ಎತ್ತಿದ. ಉದ್ದದ ಸಾಲಿನ ಕೊನೆಯಲ್ಲಿ ತಬಲಾ ನಿಲ್ಲಲಿಲ್ಲ. ಯಂತ್ರದ ಹಾಗೆ ಗೆರೆ ಹಿಡಿದು ಮುಂದೆ ಹೋಯಿತು. ಗುಮಾಸ್ತನ ದನಿ ಒಡೆಯಿತು. ಇಬ್ಬರೂ ನಿಲ್ಲಿಸಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗುಮಾಸ್ತ ಮತ್ತೆ ಮೊದಲಿನಿಂದ ಹಾಡಿದ. ಮತ್ತೆ ಅಲ್ಲಿಯೇ ಒಡೆಯಿತು.

ಕೆಡಿಸಿದ್ದು ಒಂದು ಮಧ್ಯಾಹ್ನ. ಸರಿಪಡಿಸಲು ಇಡೀ ಮಳೆಗಾಲ ಬೇಕಾಯಿತು. ಗುಮಾಸ್ತ ಬೆಳಿಗ್ಗೆ ಎದ್ದು ಉಸಿರಿನ ಸಾಧನೆ ಮಾಡಿದ. ದಮ್ಮು ಸ್ವಲ್ಪ ಬೆಳೆಯಿತು, ಪೂರ್ತಿ ಬೆಳೆಯಲಿಲ್ಲ. ವಯಸ್ಸು ಅಷ್ಟಾಗಿತ್ತು. ಗೆಳೆಯ ಕಣ್ಣು ಮುಚ್ಚಿ ಬಾರಿಸಿದ, ತೆರೆದು ಬಾರಿಸಿದ. ಕೆಲವು ರವಿವಾರ ಸಾಕು ಎಂದು ನಡುವೆಯೇ ಎದ್ದು ಹೋದ. ಗುಮಾಸ್ತ ಮುಂದಿನ ವಾರ ಪೇಟಿ ಹೊತ್ತುಕೊಂಡು ಮತ್ತೆ ಬಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಸಾಲಿನ ಕೊನೆಯಲ್ಲಿ ಉಸಿರು ಮುಗಿಯಿತು, ತಬಲಾ ನಿಂತುಕೊಂಡಿತು. ಗುಮಾಸ್ತ ಎದೆ ತುಂಬ ಉಸಿರು ತೆಗೆದುಕೊಂಡ. ಗೆಳೆಯ ಅವನ ಮುಖ ನೋಡುತ್ತಿದ್ದ. ಇಬ್ಬರೂ ಕೂಡಿ ಮುಂದಿನ ಸಾಲಿಗೆ ಹೋದರು.

ಆ ಹಾಡನ್ನು ಅವರು ಆಮೇಲೆ ಗೆಳೆಯನ ಪಡಸಾಲೆಯಲ್ಲಿಯೇ ರೆಕಾರ್ಡ್ ಮಾಡಿದರು. ಕಿಟಕಿಗೆ ಕೌದಿ ಕಟ್ಟಲಿಲ್ಲ. ಗುಮಾಸ್ತ ಅದನ್ನು ಪರಿಚಯದ ಕೆಲವರಿಗೆ ಕಳಿಸಿದ. ಅವರಲ್ಲಿ ಸಂಗೀತ ಬಲ್ಲವರೊಬ್ಬರು ಎದುರಿಗೆ ಸಿಕ್ಕಾಗ, “ಹಾಡು ಛಲೋ ಬಂದದ. ತಬಲಾದವರು ಅಲ್ಲಲ್ಲಿ ತಪ್ಪ್ಯಾರ” ಎಂದರು.

“ತಪ್ಪಿದಾಂವ ನಾನ್ರೀ. ಅವ ನನಗಾಗಿ ನಿಂತಾನ” ಎಂದ ಗುಮಾಸ್ತ.

ಕತೆ ಮುಗಿಯಿತು. ಅಡವೇಶ ನೆಲ ನೋಡುತ್ತ ಕೂತಿದ್ದ. ತಗ್ಗಿದ ದನಿಯಲ್ಲಿ ಕೇಳಿದ:

“ಹಾಗಾದರೆ ಫಕೀರೇಶ ನಿಲ್ಲುವುದೂ ನನಗಾಗಿಯೇ, ಗುರುಗಳೇ?”

“ಅದು ನನಗೆ ಗೊತ್ತಿಲ್ಲ. ನೀನೂ ಅದನ್ನು ತಿಳಿಯದೆಯೇ ದೂರು ತಂದೆಯಲ್ಲ” ಎಂದರು ಗುರುಗಳು.

ಅಡವೇಶ ಅಪ್ಪಣೆ ಬೇಡದೆ ಎದ್ದು, ಫಕೀರೇಶ ಕೂತಿದ್ದ ಕಡೆಗೆ ಹೋದ.