ಅಕ್ಕಿಯ ಡಬ್ಬಿಯಲ್ಲಿ ಗಂಗೆ

ಫಾಲ್ಗುಣ ಶುದ್ಧ ಷಷ್ಠಿ, ಗುರುವಾರ, ಮಧ್ಯಾಹ್ನ ಮೂರು ಗಂಟೆ. ಹೊಳೆದಂಡೆಯ ಆಶ್ರಮದಲ್ಲಿ, ಬೆಳಗಿನ ಪಾಠ ಹೇಳಿ ದಣಿದಿದ್ದ ಗುರು ವಿರಜಮ್ಮನವರಿಗೆ ನಿದ್ದೆ ಹತ್ತಿದೆಯೆಂದು ಖಚಿತಪಡಿಸಿಕೊಂಡು ಶಿಷ್ಯೆ ಕಾತ್ಯಾಯಿನಿ ಗೋಡೆಯ ಗೂಡಿನಿಂದ ಗಂಗೆಯ ತಂಬಿಗೆಯನ್ನು ತೆಗೆದಳು.

ಅದು ಕಾಶಿಯಿಂದ ಬಂದ ಪುಟ್ಟ ತಾಮ್ರದ ತಂಬಿಗೆ. ಬಾಯಿಗೆ ಬೆಸುಗೆ ಹಾಕಿತ್ತು. ಕೊನೆಯುಸಿರಿನ ಹೊತ್ತಿಗೆ ಬೆಸುಗೆ ಬಿಡಿಸಿ, ಹೋಗುವವರ ಬಾಯಿಗೆ ಒಂದು ಹನಿ ಬಿಡುವುದಕ್ಕೆಂದು ಮನೆಗಳಲ್ಲಿ ಕಾಯ್ದಿಡುತ್ತಾರಲ್ಲ, ಅಂಥದು. ಮಂಚದಲ್ಲಿ ಮಲಗಿದವರ ಕಣ್ಣಿಗೆ ಅದು ನೇರವಾಗಿ ಬೀಳುತ್ತಿತ್ತು.

ಕಾತ್ಯಾಯಿನಿ ಅದನ್ನು ಅಡುಗೆಮನೆಗೆ ಒಯ್ದು ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟಳು.

ಹಿಂದಿನ ವಾರ ವೈದ್ಯರು ಅವಳೊಬ್ಬಳನ್ನೇ ಜಗುಲಿಗೆ ಕರೆದು ಹೇಳಿದ್ದರು: ಅಮ್ಮನವರ ಹೊಟ್ಟೆಯಲ್ಲಿ ಗಡ್ಡೆಯಿದೆ, ಬಹಳ ಬೆಳೆದಿದೆ. ಶಸ್ತ್ರಚಿಕಿತ್ಸೆ ಮಾಡಿದರೆ ಕೆಲವು ತಿಂಗಳು ಸಿಗಬಹುದು. ಮಾಡುವಾಗಲೇ ಜೀವ ಹೋಗಲೂಬಹುದು.

“ಏನು ಬೇಕೆಂದು ಅವರನ್ನೇ ಕೇಳಿ,” ಎಂದಿದ್ದರು.

ಕಾತ್ಯಾಯಿನಿ ಕೇಳಲಿಲ್ಲ. ಹೊಟ್ಟೆಯ ಹುಣ್ಣು, ನಗರದ ಆಸ್ಪತ್ರೆಯಲ್ಲಿ ಸಣ್ಣದೊಂದು ಪರೀಕ್ಷೆ ಎಂದು ಗುರುವಿಗೆ ಹೇಳಿ, ಶುಕ್ರವಾರ ಬೆಳಿಗ್ಗೆಗೆ ಕಾರು ಗೊತ್ತುಮಾಡಿದಳು. ಅಂದಿನಿಂದ ವಿರಜಮ್ಮ “ನಾನು ಹೋದ ಮೇಲೆ” ಎಂದು ಬಾಯಿ ತೆರೆದಾಗಲೆಲ್ಲ ಅವಳು ತಡೆಯುತ್ತಿದ್ದಳು.

“ಬಿಡ್ತು ಅನ್ನಿ, ಅಮ್ಮ.”

ವಿರಜಮ್ಮ ಅವಳ ಮುಖ ನೋಡಿ ಸುಮ್ಮನಾಗುತ್ತಿದ್ದರು.

ತಂಬಿಗೆಯನ್ನು ಬಚ್ಚಿಟ್ಟು ಹೊರಗೆ ಬಂದಾಗ, ಹೊಳೆಯ ಕಡೆಯ ಬಾಗಿಲಲ್ಲಿ ಗಿರಿಜಕ್ಕ ನಿಂತಿದ್ದಳು. ಆಶ್ರಮಕ್ಕೆ ಹಾಲು ಕೊಡುವವಳು. ಅವಳ ಗಂಡ ಹಿರಿಯಣ್ಣ ಬಾವಿಯ ಹಗ್ಗ ಹೊಸೆದುಕೊಡುತ್ತಿದ್ದ. ಸಂಕ್ರಾಂತಿಯ ಮರುದಿನ ಅವನು ತೀರಿಕೊಂಡಿದ್ದ. ಆಗಲೇ ಅಮ್ಮನವರ ಆರೋಗ್ಯ ಕೆಟ್ಟಿದ್ದರಿಂದ ಆ ಸುದ್ದಿಯನ್ನೂ ಕಾತ್ಯಾಯಿನಿ ಒಳಗೆ ಬಿಟ್ಟಿರಲಿಲ್ಲ.

“ಅಮ್ಮನವರನ್ನ ನೋಡಿ ಎಷ್ಟು ದಿನ ಆಯ್ತು,” ಎಂದಳು ಗಿರಿಜಕ್ಕ. “ಒಂದು ಗಳಿಗೆ ಕೂತು ಹೋಗ್ತೀನಿ.”

“ಕೂತುಕೊಳ್ಳಿ. ಆದರೆ ನಿಮ್ಮ ಯಜಮಾನರ ವಿಷಯ ಎತ್ತಬೇಡಿ. ಅಮ್ಮನವರ ಮನಸ್ಸಿಗೆ ಈಗ ಸಾವಿನ ಮಾತು ಸೋಕಬಾರದು.”

“ನನ್ನ ಹಣೆ ನೋಡಿದ್ರೆ ತಿಳಿಯೋದಿಲ್ವಾ?”

ಕಾತ್ಯಾಯಿನಿ ದೇವರ ಮುಂದಿನ ಭರಣಿಯನ್ನು ತಂದು, ಗಿರಿಜಕ್ಕನ ಬೋಳು ಹಣೆಗೆ ಕುಂಕುಮ ಒತ್ತಿದಳು.

ಗಿರಿಜಕ್ಕ ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡಳು, ಅಷ್ಟೆ.

ಒಳಗೆ ವಿರಜಮ್ಮ ಎಚ್ಚರವಾಗಿದ್ದರು.

“ಯಾರದು, ಗಿರಿಜೆಯೇ? ಬಾ. ಎಷ್ಟು ಇಳಿದುಹೋಗಿದ್ದೀಯೆ!”

“ನಿಮಗಿಂತ ವಾಸಿ, ಅಮ್ಮ.”

“ಅದೇನು ದೊಡ್ಡ ಗೆಲುವಲ್ಲ ಬಿಡು. ಹಿರಿಯಣ್ಣ ಹೇಗಿದ್ದಾನೆ? ಹೊಸ ಹಗ್ಗ ಕೊಡುತ್ತೇನೆಂದು ದೀಪಾವಳಿಯಿಂದ ಹೇಳುತ್ತಿದ್ದಾನೆ. ಸೋಮಾರಿ.”

ಗಿರಿಜಕ್ಕ ಬಾಗಿಲ ಬಳಿ ನಿಂತಿದ್ದ ಕಾತ್ಯಾಯಿನಿಯನ್ನು ನೋಡಿದಳು.

“ಚೆನ್ನಾಗಿದ್ದಾರೆ,” ಎಂದಳು.

ಆ ಮಾತಿನ ಕೊನೆಗೆ ಅವಳ ದನಿ ಒಡೆಯಿತು.

“ಹತ್ತಿರ ಬಾ,” ಎಂದರು ವಿರಜಮ್ಮ. ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. “ಇದು ನೀನು ಇಟ್ಟುಕೊಂಡ ಕುಂಕುಮವಲ್ಲ. ನಿನ್ನದು ಯಾವಾಗಲೂ ನೆಟ್ಟಗಿರುತ್ತದೆ. ಇದನ್ನು ಯಾರೋ ಅವಸರದಲ್ಲಿ ಒತ್ತಿದ್ದಾರೆ.”

“ಹೋಗ್ಬಿಟ್ರು, ಅಮ್ಮ,” ಎಂದಳು ಗಿರಿಜಕ್ಕ. “ಹಬ್ಬದ ಮಾರನೇ ದಿನ.”

ವಿರಜಮ್ಮ ಕಾತ್ಯಾಯಿನಿಯ ಕಡೆಗೆ ನೋಡಲಿಲ್ಲ. ಮಂಚದಲ್ಲಿ ಮೆಲ್ಲಗೆ ಸರಿದು ಜಾಗ ಮಾಡಿದರು.

“ಕುಂಕುಮ ಇಟ್ಟುಕೊಳ್ಳುವುದೂ ಬಿಡುವುದೂ ನಿನ್ನ ಇಷ್ಟ, ಗಿರಿಜಾ. ನನಗೋಸ್ಕರ ಇಟ್ಟುಕೊಳ್ಳಬೇಡ. ಇಲ್ಲಿ ಕೂತುಕೊಂಡು ಹೇಳು. ಹೇಗೆ ಹೋದ?”

“ಅಮ್ಮ, ನಿಮಗೆ ಆಯಾಸವಾಗುತ್ತದೆ,” ಎಂದಳು ಕಾತ್ಯಾಯಿನಿ.

“ನೀನೂ ಕೂತುಕೋ.”

ಗಿರಿಜಕ್ಕ ಹೇಳಿದಳು. ಉಬ್ಬಸ ಹೆಚ್ಚಾದದ್ದು, ಮಗಳು ಅಳಿಯ ಬಂದದ್ದು, ಹಬ್ಬದ ದಿನ ಹಿರಿಯಣ್ಣ ಎಳ್ಳುಬೆಲ್ಲ ಕೇಳಿ ತಿಂದದ್ದು. ಹೇಳುತ್ತ ಹೇಳುತ್ತ ಒಂದು ಕಡೆ ನಿಂತಳು.

“ಒಂದೇ ಮಾತು ಶುರು ಮಾಡೋರು, ಅಮ್ಮ. ‘ಗಿರಿಜಾ, ನಾನು ಹೋದ್ಮೇಲೆ...’ ಅಂತ. ನಾನು ಬಾಯಿ ಮುಚ್ಚಿಸೋಳು. ಬಿಡ್ತು ಅನ್ನಿ, ಬಿಡ್ತು ಅನ್ನಿ ಅಂತ. ಪಾಪ, ಅವರೂ ‘ಬಿಡ್ತು’ ಅಂತ ಅಂದು ಸುಮ್ಮನಾಗೋರು. ಕೊನೇ ದಿನಾನೂ ಅಂದ್ರು.”

“ಏನು ಹೇಳುವುದಿತ್ತು ಅವನಿಗೆ?”

“ಅದೇ ಗೊತ್ತಿಲ್ವಲ್ಲಮ್ಮ. ಹಾಲು ಕರೆಯೋವಾಗ ಯೋಚನೆ ಮಾಡ್ತೀನಿ, ಒಲೆ ಮುಂದೆ ಯೋಚನೆ ಮಾಡ್ತೀನಿ. ಮಗಳ ವಿಷಯಾನಾ? ಎಮ್ಮೆ ಮಾರಿಬಿಡು ಅನ್ನೋದಿತ್ತಾ? ಇಲ್ಲಾ... ಏನಾದ್ರೂ ಪ್ರೀತಿ ಮಾತೇ ಇತ್ತೋ ಏನೋ. ಆ ಮನುಷ್ಯ ಜನ್ಮದಲ್ಲಿ ಅಂಥದ್ದು ಆಡಿದವರಲ್ಲ. ಆಡೋಕೆ ಹೊರಟಾಗ ನಾನು ಬಿಡ್ಲಿಲ್ಲ.”

ವಿರಜಮ್ಮ ಸಮಾಧಾನ ಹೇಳಲಿಲ್ಲ. ಗಿರಿಜಕ್ಕನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅವಳ ಅಳು ಮುಗಿಯುವ ತನಕ ಕುಳಿತರು.

ಆಮೇಲೆ ಕೇಳಿದರು: “ಹಗ್ಗ ಹೊಸೆಯುವಾಗ ಹಾಡುತ್ತಿದ್ದನಲ್ಲ, ಕಡೆಗಾಲದಲ್ಲೂ ಹಾಡುತ್ತಿದ್ದನೇ?”

“ಅದನ್ನ ಹಾಡು ಅಂತೀರಾ, ಅಮ್ಮ? ನಮ್ಮ ಎಮ್ಮೆ ಹಗ್ಗ ಕಿತ್ಕೊಂಡು ಓಡೋದು.”

ಇಬ್ಬರೂ ನಕ್ಕರು. ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಕಾತ್ಯಾಯಿನಿ ಬೆರಗಾಗಿ ನೋಡಿದಳು. ಬಾಗಿಲಲ್ಲಿ ಕಂಡಿದ್ದ ಗಿರಿಜಕ್ಕ ಇವಳಲ್ಲವೆನಿಸಿತು.

“ಕಾತ್ಯಾಯಿನಿ, ಬಾಯಾರಿದೆ,” ಎಂದರು ವಿರಜಮ್ಮ. “ಗಂಗೆಯನ್ನು ತಾ.”

“ಹೂಜಿಯ ನೀರು ತರುತ್ತೇನೆ, ಅಮ್ಮ.”

“ಗೂಡು ಬರಿದಾಗಿರುವುದು ನನಗೆ ಕಾಣುತ್ತದೆ. ಎಲ್ಲಿಟ್ಟಿದ್ದೀಯೋ ಅಲ್ಲಿಂದ ತಾ.”

ಕಾತ್ಯಾಯಿನಿ ತಲೆ ತಗ್ಗಿಸಿ ಹೋಗಿ ತಂದಳು. ತಂಬಿಗೆಯ ಕಂಠದ ಸುತ್ತ ಅಕ್ಕಿಯ ನುಚ್ಚು ಮೆತ್ತಿತ್ತು.

“ಅಕ್ಕಿಯಲ್ಲಿಟ್ಟಿದ್ದೆಯಾ? ಮಾವಿನಕಾಯಿ ಅಂದುಕೊಂಡೆಯಾ, ಹಣ್ಣಾಗಲಿ ಎಂದು?”

ಗಿರಿಜಕ್ಕ ಸೆರಗಿನ ಮರೆಯಲ್ಲಿ ಮತ್ತೆ ನಕ್ಕಳು.

“ಗಿರಿಜಾ, ನಿನ್ನ ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಇರಬೇಕಲ್ಲ. ಈ ಬೆಸುಗೆ ಬಿಡಿಸು.”

“ಅಮ್ಮ!” ಕಾತ್ಯಾಯಿನಿಯ ಕೈ ತಂಬಿಗೆಯನ್ನು ಹಿಂದಕ್ಕೆಳೆಯಿತು. “ಅದು ಕೊನೆಗಾಲಕ್ಕೆ ಇಟ್ಟದ್ದು.”

“ಆಗ ನನಗೆ ರುಚಿ ತಿಳಿಯುವುದೇ? ಇಷ್ಟು ವರ್ಷ ಎದುರಿಗಿಟ್ಟುಕೊಂಡು ಕುತೂಹಲಪಟ್ಟಿದ್ದೇನೆ. ಕೊಡು ಅವಳ ಕೈಗೆ.”

ಅಡಕತ್ತರಿಯ ಮೊನೆಗೆ ಬೆಸುಗೆ ಸುಲಭವಾಗಿ ಎದ್ದುಬಂತು. ವಿರಜಮ್ಮ ಒಂದು ಗುಟುಕು ಕುಡಿದು, ಬಾಯಲ್ಲಿ ಹೊರಳಿಸಿ, ನುಂಗಿದರು.

“ತಾಮ್ರದ ರುಚಿ ಇದೆ,” ಎಂದರು. “ಗಂಗೆಯದು ಸ್ವಲ್ಪ ಕಡಿಮೆ.”

ಗಿರಿಜಕ್ಕನ ಅಂಗೈಗೆ ಹನಿಸಿದರು. ಅವಳು ಕುಡಿದು ಒದ್ದೆಗೈಯನ್ನು ಕಣ್ಣಿಗೊತ್ತಿಕೊಂಡಳು. ಕಾತ್ಯಾಯಿನಿ ಮಾತ್ರ ಕೈ ನೀಡಲಿಲ್ಲ.

“ನಾನು ಕುಡಿಯಬಹುದೇ, ಅಮ್ಮ? ಇದು ಸಾಯುವವರಿಗಲ್ಲವೇ?”

“ನೀನು ಸಾಯುವುದಿಲ್ಲವೇ?”

ಕಾತ್ಯಾಯಿನಿ ಕೈ ನೀಡಿದಳು.

ಹಾಲು ಕರೆಯುವ ಹೊತ್ತಾಯಿತೆಂದು ಗಿರಿಜಕ್ಕ ಎದ್ದಳು. ಹೊರಡುವ ಮುನ್ನ ಕಾತ್ಯಾಯಿನಿಯ ಭುಜ ಮುಟ್ಟಿದಳು. “ಬೇಜಾರು ಮಾಡ್ಕೋಬೇಡಿ. ನಾನೂ ಹೀಗೇ ಮಾಡ್ದೋಳು,” ಎಂದು ಹೊರಟುಹೋದಳು.

ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರತೊಡಗಿತು. ಕಾತ್ಯಾಯಿನಿ ಗುರುವಿನ ಕಾಲಿಗೆ ಶಾಲು ಹೊದಿಸಿ ನೆಲದ ಮೇಲೆ ಕುಳಿತಳು.

“ನಾಳೆ ಹೋಗುವುದು ಪರೀಕ್ಷೆಗಲ್ಲ, ಅಮ್ಮ.”

“ಗೊತ್ತು.”

“ವೈದ್ಯರು ನಿಮಗೂ ಹೇಳಿದರೇ?”

“ಹೊಟ್ಟೆ ನನ್ನದು. ಅದು ನನಗೆ ಹೇಳದೆ ನಿನಗೆ ಹೇಳುತ್ತದೆಯೇ?”

“ಹಾಗಾದರೆ ಯಾಕೆ ನನ್ನನ್ನು ಕೇಳಲಿಲ್ಲ?”

“ನಿನಗೆ ಹೆದರಿಕೆಯಾಗಿತ್ತು. ಕಾಯುತ್ತಿದ್ದೆ.”

ಕಾತ್ಯಾಯಿನಿ ಎಲ್ಲವನ್ನೂ ಹೇಳಿದಳು. ಗಡ್ಡೆ, ಶಸ್ತ್ರಚಿಕಿತ್ಸೆ, ಸಿಗಬಹುದಾದ ತಿಂಗಳುಗಳು, ಸಿಗದೆಯೂ ಹೋಗಬಹುದಾದದ್ದು. ವಿರಜಮ್ಮ ನಡುವೆ ಒಂದೆರಡು ಪ್ರಶ್ನೆ ಕೇಳಿದರು, ಬೇರೆ ಯಾರದೋ ಪ್ರಯಾಣದ ವಿವರ ಕೇಳುವವರಂತೆ.

“ನಿಮಗೆ ಹೆದರಿಕೆ ಇಲ್ಲವೇ, ಅಮ್ಮ?”

“ಇದೆ. ನೋವೆಂದರೆ ಹೆದರಿಕೆ. ಗುರುತಿಲ್ಲದ ಕೋಣೆಯಲ್ಲಿ, ಗಂಟಲಿಗೆ ನಳಿಗೆ ಇಳಿಸಿಕೊಂಡು, ನಿನ್ನ ಜೊತೆ ಮಾತೂ ಆಡಲಾಗದೆ ಬಿದ್ದಿರುವುದೆಂದರೆ ಹೆದರಿಕೆ.”

“ಸಾವೆಂದರೆ?”

“ಅದು ಬಂದಾಗ ಹೇಳುತ್ತೇನೆ. ಬಿಡುವಿದ್ದರೆ.”

ಕಾತ್ಯಾಯಿನಿಗೆ ನಗು ಬಂತು. ಅದು ಮುಗಿಯುವ ಮೊದಲೇ ಅಳು ಬಂತು.

“ನೋವಿಗೆ ಔಷಧಿ ಇದೆಯಂತೆ,” ಎಂದಳು ಮೂಗೊರೆಸಿಕೊಳ್ಳುತ್ತ. “ಬೇಕೆಂದರೆ ಇಲ್ಲಿಗೇ ಬಂದು ಕೊಡುತ್ತೇನೆಂದು ವೈದ್ಯರು ಅಂದಿದ್ದರು.”

“ನೋಡು, ನನಗೆ ಬೇಕಾಗಿದ್ದ ಸುದ್ದಿಯನ್ನೂ ಅಕ್ಕಿಯಲ್ಲಿ ಹೂತಿಟ್ಟಿದ್ದೆ.”

“ತಪ್ಪಾಯಿತು, ಅಮ್ಮ.”

“ಆಗಲಿ. ಈಗ ನಾನೊಂದು ಮಾತು ಶುರು ಮಾಡುತ್ತೇನೆ. ಮುಗಿಯುವ ತನಕ ಕೇಳುತ್ತೀಯಾ?”

ಕಾತ್ಯಾಯಿನಿ ತಲೆಯಾಡಿಸಿದಳು.

“ನಾನು ಹೋದ ಮೇಲೆ—”

ಕಾತ್ಯಾಯಿನಿಯ ತುಟಿ ಅಲುಗಿತು. ತನ್ನ ಕೈಯಿಂದಲೇ ತನ್ನ ಬಾಯಿ ಮುಚ್ಚಿಕೊಂಡಳು. ಆ ಕೈ ತಾನಾಗಿ ಕೆಳಗಿಳಿಯುವ ತನಕ ವಿರಜಮ್ಮ ಕಾದರು.

“ನಾನು ಹೋದ ಮೇಲೆ ಈ ಮಂಚವನ್ನು ಯಾರಿಗೂ ಕೊಟ್ಟುಬಿಡಬೇಡ. ನೀನೇ ಮಲಗು. ನೆಲದ ಶೀತಕ್ಕೆ ನಿನ್ನ ಮಂಡಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುತ್ತೀಯೆ, ನೋಡಿದ್ದೇನೆ.”

ಕಾತ್ಯಾಯಿನಿ ಮುಂದಿನ ಮಾತಿಗೆ ಕಾದಳು. ಅದು ಬರಲಿಲ್ಲ.

“ಅಷ್ಟೇನಾ, ಅಮ್ಮ?”

“ಅಷ್ಟೇ. ಒಂದು ವಾರದಿಂದ ಇದನ್ನು ಹೇಳಲು ಹೆಣಗುತ್ತಿದ್ದೇನೆ.”

ಕಾತ್ಯಾಯಿನಿ ಮಂಚದ ಅಂಚಿಗೆ ಹಣೆಯಿಟ್ಟಳು. ವಿರಜಮ್ಮನ ಕೈ ಅವಳ ತಲೆಯ ಮೇಲೆ ಬಂದು ನಿಂತಿತು. ಹೊರಗೆ ಯಾರೋ ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

“ನಾಳೆಯೋ ನಾಡಿದ್ದೋ, ನೀವಿಲ್ಲದಾಗ,” ಎಂದಳು ಕಾತ್ಯಾಯಿನಿ, ತಲೆಯೆತ್ತದೆ, “ಪಾಠದ ನಡುವೆ ಸಂಶಯ ಬಂದರೆ ನಾನು ಯಾರ ಮುಖ ನೋಡಲಿ?”

ವಿರಜಮ್ಮ ಅವಳ ಗಲ್ಲ ಹಿಡಿದು ಮುಖವನ್ನೆತ್ತಿದರು. ಆಮೇಲೆ ಹೇಳಿದರು:

“ಕಾರು ಬೇಡವೆಂದು ಹೇಳಿಬಿಡು. ಆಸ್ಪತ್ರೆಗೆ ನಾನು ಹೋಗುವುದಿಲ್ಲ. ನೋವಿನ ಔಷಧಿ ತೆಗೆದುಕೊಳ್ಳುತ್ತೇನೆ. ನಾಳೆಯಿಂದ ಬೆಳಗಿನ ಪಾಠವನ್ನು ನೀನು ಹೇಳುತ್ತೀಯೆ. ನಾನು ಕೆಳಗೆ ನಿನ್ನ ಎದುರಿಗೆ ಕುಳಿತು ಕೇಳುತ್ತೇನೆ.”