ಎಡಗಡೆಯ ಕುರ್ಚಿ

ವೀರಭದ್ರ ಉಳ್ಳಾಗಡ್ಡಿ ಎಂಬ ಪೈಲಟ್ ಇದ್ದ. ಅಡ್ಡಹೆಸರು ಕೇಳಿ ನಗಬೇಡಿ, ಹುಬ್ಬಳ್ಳಿ ಕಡೆ ಈರುಳ್ಳಿಗೆ ಹಾಗೇ ಅನ್ನುತ್ತಾರೆ. ಇಪ್ಪತ್ತೊಂದು ವರ್ಷದಿಂದ ಆತ ಒಂದೇ ಕಂಪನಿಯ ವಿಮಾನಗಳಲ್ಲಿ ಬಲಗಡೆ ಕುರ್ಚಿಯಲ್ಲಿ ಕೂತಿದ್ದ. ಎಡಗಡೆ ಕುರ್ಚಿ ಕ್ಯಾಪ್ಟನ್‌ದು, ಬಲಗಡೆಯದು ಸಹಾಯಕ ಪೈಲಟ್‌ನದು.

ಆ ಎಡಗಡೆ ಕುರ್ಚಿ ಬರೀ ಜಾಣತನಕ್ಕೆ ಸಿಗುವುದಿಲ್ಲ. ಮೊದಲು ಕೆಲಸಕ್ಕೆ ಸೇರಿದವನಿಗೆ ಮೊದಲು, ಆಮೇಲೆ ಬಂದವನಿಗೆ ಆಮೇಲೆ. ಕಂಪನಿ ಬಿಟ್ಟು ಬೇರೆಡೆ ಹೋದರೆ ಮತ್ತೆ ಸಾಲಿನ ಕೊನೆಯಿಂದ ಶುರು. ಅದಕ್ಕೇ ವೀರಭದ್ರ ಎಲ್ಲೂ ಹೋಗಲಿಲ್ಲ. ಪ್ರಯಾಣಿಕರೆಲ್ಲ ಇಳಿದುಹೋದ ಮೇಲೆ ಒಮ್ಮೊಮ್ಮೆ ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಕೂರುತ್ತಿರಲಿಲ್ಲ. ಕೂತರೆ ಏಳಲು ಮನಸ್ಸು ಬಾರದು ಎಂಬ ಹೆದರಿಕೆ. ಅಂತೂ ಇಂತೂ ಐವತ್ತೇಳನೆಯ ವಯಸ್ಸಿಗೆ ಸಾಲಿನ ಮೊದಲಿಗನಾದ. ಮುಂದಿನ ತಿಂಗಳು ಒಬ್ಬ ಕ್ಯಾಪ್ಟನ್ ನಿವೃತ್ತನಾದರೆ ಕುರ್ಚಿ ಈತನದೇ.

ಅಷ್ಟರಲ್ಲಿ ಈ ಕಂಪನಿ ಇನ್ನೊಂದು ಪುಟ್ಟ ವಿಮಾನ ಕಂಪನಿಯನ್ನು ಕೊಂಡುಕೊಂಡಿತು. ಕಂಪನಿ ಒಂದಾಯಿತು, ಕಾಯುವವರ ಸಾಲು ಎರಡಾಯಿತು. ಎರಡನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿಕೊಡಿ ಎಂದು ಆಡಳಿತದವರು ವೀರಭದ್ರನಿಗೇ ಹೇಳಿದರು. ಹಸಿದವನ ಕೈಗೆ ಸೌಟು ಕೊಟ್ಟ ಹಾಗಾಯಿತು ನೋಡಿ.

"ಇದರಲ್ಲಿ ಯೋಚನೆ ಏನು ಸರ್? ನಮ್ಮ ಪಟ್ಟಿಯ ಕೆಳಗೆ ಅವರ ಪಟ್ಟಿ ಇಟ್ಟು ಪಿನ್ ಹೊಡೀರಿ, ಮುಗೀತು," ಎಂದರು ಜೊತೆಯ ಪೈಲಟ್‌ಗಳು.

ಪುಟ್ಟ ಕಂಪನಿಯವರ ಪರವಾಗಿ ಮಂಗಳೂರಿನ ಜೆಸಿಂತಾ ಲೋಬೋ ಮಾತಾಡಲು ಬಂದಳು. ಆಕೆಯೂ ಬಲಗಡೆ ಕುರ್ಚಿಯವಳೇ, ಇಪ್ಪತ್ಮೂರು ವರ್ಷದಿಂದ.

"ನಮ್ಮ ಕಂಪನಿ ಸಣ್ಣದು, ಒಪ್ಪಿದೆ. ನಾನು ಕಾದದ್ದೂ ಸಣ್ಣದಾ ಸರ್?" ಎಂದಳು.

ಆಕೆ ಹೋದ ಮೇಲೆ ವೀರಭದ್ರ ಎರಡೂ ಪಟ್ಟಿ ಎದುರಿಗಿಟ್ಟುಕೊಂಡು ಕೂತ. ಪಿನ್ ಹೊಡೆದರೆ ಕೇಳುವವರಿಲ್ಲ. ಸೇರಿದ ತಾರೀಖು ನೋಡಿ ಬರೆದರೆ ಆ ಕಂಪನಿಯ ಒಂಬತ್ತು ಜನ ತನಗಿಂತ ಮುಂದೆ. ಎರಡೂ ಕಂಪನಿ ಸೇರಿದರೂ ವರ್ಷಕ್ಕೆ ಖಾಲಿಯಾಗುವುದು ಒಂದೇ ಕುರ್ಚಿ. ತನ್ನ ನಿವೃತ್ತಿಗೆ ಉಳಿದದ್ದು ಎಂಟೇ ವರ್ಷ. ಅಯ್ಯೋ, ಎಷ್ಟೊಂದು ಆಸೆಯಿತ್ತು ಆತನಿಗೆ. ಕಣ್ಣು ತುಂಬಿ ಬಂತು. ಆದರೂ ತಾರೀಖು ನೋಡಿ ನೋಡಿ ಒಂದೊಂದೇ ಹೆಸರು ಬರೆದ. ಜೆಸಿಂತಾ ಮೊದಲನೆಯವಳು, ತಾನು ಹತ್ತನೆಯವನು.

ಜೊತೆಯವರು ಕಿಡಿಕಿಡಿಯಾದರು. "ನಿಮಗೆ ಬೇಡದಿದ್ದರೆ ಬಿಡಿ, ನಮ್ಮನ್ಯಾಕೆ ಹಿಂದೆ ತಳ್ಳಿದಿರಿ?" ಎಂದು ಕೇಳಿದರು. ಬೇಡ ಎಂದು ಆತ ಎಲ್ಲಿ ಹೇಳಿದ್ದ?

ಮನೆಯಲ್ಲಿ ಹೆಂಡತಿ ಸುಗಲಾ ಕೇಳಿದಳು, "ಅಲ್ರೀ, ಇನ್ನ ಆ ಕುರ್ಚಿ ಆಸೆ ಬಿಟ್ಟಂಗಾತೇನು?"

"ಬಿಡೂದು ಎಲ್ಲಿ ಬಂತು. ನಾಳೆ ವಿಮಾನ ಹತ್ತಿದ್ರೂ ಕಣ್ಣು ಮೊದಲು ಅಲ್ಲೇ ಹೋಗ್ತದ," ಎಂದ ವೀರಭದ್ರ.

ಕುರ್ಚಿ ಖಾಲಿಯಾಯಿತು. ಜೆಸಿಂತಾ ತರಬೇತಿ ಮುಗಿಸಿ ಕ್ಯಾಪ್ಟನ್ ಆದಳು. ಒಂದು ದಿನ ಇಬ್ಬರಿಗೂ ಒಂದೇ ವಿಮಾನ ಬಂತು. ವೀರಭದ್ರ ಬಲಗಡೆ ಕೂತ. ಆಕೆ ಮಾತ್ರ ನಿಂತೇ ಇದ್ದಳು.

"ಸರ್, ಇದು ನಿಮ್ಮ ಕುರ್ಚಿ," ಎಂದಳು ಮೆಲ್ಲಗೆ.

"ಅಲ್ರಿ ಮೇಡಂ. ಆಸೆ ನಂದು, ಕುರ್ಚಿ ನಿಮ್ಮದು. ಕೂಡ್ರಿ, ಹೊತ್ತಾತು."

ನೀತಿ: ಬಹಳ ವರ್ಷ ಆಸೆಪಟ್ಟ ಮಾತ್ರಕ್ಕೆ ಯಾವುದೂ ನಮ್ಮದಾಗುವುದಿಲ್ಲ. ನಮಗಿಂತ ಮೊದಲಿನಿಂದ ಕಾದವರಿಗೆ ದಾರಿ ಬಿಡಬೇಕು. ಹಾಗೆ ಬಿಟ್ಟರೆ ಆಸೆ ತೀರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ಬಿಡಬೇಕು.