ಎದುರು ಕೂತವನ ಉತ್ತರ

ಹೊಳೆ ದಂಡೆಯ ಆ ಆಶ್ರಮದಲ್ಲಿ ಮದ್ದಿನ ಪಾಠವನ್ನು ಯಾರಿಗೂ ಪೂರ್ತಿ ಕಲಿಸುತ್ತಿರಲಿಲ್ಲ. ಒಬ್ಬನಿಗೆ ಪ್ರಶ್ನೆ, ಇನ್ನೊಬ್ಬನಿಗೆ ಉತ್ತರ. ಇಬ್ಬರೂ ಎದುರುಬದುರು ಕೂತು ದಿನಾ ಒಪ್ಪಿಸಿಕೊಳ್ಳಬೇಕು. ಹಾಗೆ ಕೇಳಿ ಕೇಳಿಯೇ ಒಬ್ಬನ ಪಾಲು ಇನ್ನೊಬ್ಬನಿಗೂ ಬರಬೇಕು. ಗುರುಗಳು ಆ ಹೊತ್ತಿನಲ್ಲಿ ಅತ್ತ ಹಾಯುತ್ತಿರಲಿಲ್ಲ.

ಮಲ್ಲಾರಿಯದು ಪ್ರಶ್ನೆ, ತಿಪ್ಪೇಶನದು ಉತ್ತರ. ಆರು ವರ್ಷ ಹೀಗೇ ಕಳೆದಿತ್ತು. ಮಲ್ಲಾರಿ ನಗುವುದು ದೀಪಾವಳಿಗೊಮ್ಮೆ. ತಿಪ್ಪೇಶನಿಗೆ ಅವನನ್ನು ನಗಿಸುವುದೇ ಕೆಲಸ.

ಕೊನೆಯ ಪಾಠದ ದಿನ ಮಲ್ಲಾರಿ ಕೇಳಿದ, "ಮಗುವಿನ ಜ್ವರಕ್ಕೆ ಕಹಿಬೇರು ಎಷ್ಟು?"

ಕಡಲೆಕಾಳಿನಷ್ಟು ಅನ್ನಬೇಕು. ತಿಪ್ಪೇಶ ಮುಖ ಗಂಟಿಕ್ಕಿಕೊಂಡು, "ನೆಲ್ಲಿಕಾಯಿಯಷ್ಟು" ಅಂದ.

ಮಲ್ಲಾರಿ ತಲೆದೂಗಿ ಬಾಯಿಪಾಠ ಮಾಡಿಕೊಂಡ. ಊಟಕ್ಕೆ ಕೂತಾಗ ಹೇಳಿ ನಗಿಸೋಣ ಅಂತ ತಿಪ್ಪೇಶ ಸುಮ್ಮನಾದ.

ಊಟಕ್ಕೆ ಮುಂಚೆಯೇ ಗುರುಗಳು ಜೋಡಿ ಒಡೆದರು. ಮಲ್ಲಾರಿಯನ್ನು ಆಗಲೇ ಆಚೆ ದಡದ ಹೊಸ ಆಶ್ರಮಕ್ಕೆ ದೋಣಿ ಹತ್ತಿಸಿದರು. ಅಲ್ಲಿ ಅವನಿಂದ ಉತ್ತರ ಕಲಿಯಲು ಒಬ್ಬ ಹೊಸಬ. ಇಲ್ಲಿ ತಿಪ್ಪೇಶನಿಂದ ಪ್ರಶ್ನೆ ಕಲಿಯಲು ಇನ್ನೊಬ್ಬ.

ತಿಪ್ಪೇಶ ಮೂತಿ ಉಬ್ಬಿಸಿದ. "ಹೊಸಬರಿಬ್ಬರನ್ನೇ ಜೋಡಿ ಮಾಡಬಹುದಿತ್ತಲ್ಲ?"

ಗುರುಗಳು ಹಗ್ಗದ ತುಂಡೊಂದರ ಹುರಿ ಬಿಚ್ಚಿ ಎರಡು ಎಳೆ ಮಾಡಿದರು.

"ನಿನ್ನ ಮೈಯ ಜೀವಕೋಶದೊಳಗೆ ಡಿಎನ್‌ಎ ಹೀಗೇ ಎರಡೆಳೆಯಾಗಿ ಹೆಣೆದುಕೊಂಡಿದೆ. ಕೋಶ ಎರಡಾಗೋ ಮುಂಚೆ ಎಳೆಗಳು ಬಿಡಿಸಿಕೊಳ್ತವೆ. ಒಂದೊಂದು ಹಳೇ ಎಳೆಯ ಎದುರಿಗೂ ಒಂದು ಹೊಸ ಎಳೆ. ಎಳೆಯುದ್ದಕ್ಕೂ ಅಕ್ಷರಗಳಂಥ ಗುರುತುಗಳಿವೆ; ಹಳೇದರ ಅಕ್ಷರಕ್ಕೆ ತಕ್ಕ ಅಕ್ಷರವೇ ಹೊಸದರಲ್ಲಿ ಕೂರಬೇಕು. ಎರಡೂ ಹೊಸದಾದರೆ ಹೇಳಿಕೊಡೋರು ಯಾರು? ಬೇರೆಯಾದೆವು ಅಂತ ಎಳೆಗಳೇನು ಅಳ್ತಾವಾ?"

"ಅವಕ್ಕೆ ಬಾಯಿಲ್ಲ, ಗುರುಗಳೇ."

"ಅದಕ್ಕೇ ಅವುಗಳಲ್ಲಿ ತಪ್ಪು ಕಮ್ಮಿ."

ತಿಪ್ಪೇಶ ಹೊಳೆಯ ಆಚೆ ದಡದತ್ತ ನೋಡಿದ. "ಒಂದಕ್ಷರ ತಪ್ಪಿದರೆ?"

"ಹಳೇ ಎಳೆ ನೋಡಿಕೊಂಡು ಕೋಶ ಹೊಸದನ್ನು ತಿದ್ದುತ್ತೆ. ತಿದ್ದೋ ಮುಂಚೆ ಇನ್ನೊಂದು ಸಲ ನಕಲಾಯಿತೋ, ತಪ್ಪಿಗೂ ತಕ್ಕ ಜೋಡಿ ಸಿಕ್ಕಿರುತ್ತೆ. ಆಮೇಲೆ ಅದೇ ಸರಿ."

ತಿಪ್ಪೇಶ ಎದ್ದವನೇ ಓಡಿದ. ದೋಣಿಗೂ ಕಾಯದೆ ಎದೆಮಟ್ಟದ ನೀರಲ್ಲಿ ಹೊಳೆ ದಾಟಿದ.

ಇವತ್ತಿನದು ಮರೆಯದಿರಲಿ ಅಂತ ಮಲ್ಲಾರಿ ಕೊನೆಯ ಪಾಠದಿಂದಲೇ ಶುರು ಮಾಡಿದ್ದ. ಹೊಸಬ ಒಪ್ಪಿಸುತ್ತಿದ್ದ, "ನೆಲ್ಲಿಕಾಯಿಯಷ್ಟು."

"ಕಡಲೆಕಾಳಿನಷ್ಟು ಕಣೋ ಮಲ್ಲಾರಿ. ನಾನು ತಮಾಷೆಗೆ ಅಂದಿದ್ದು."

ಮಲ್ಲಾರಿ ಅವನ ಒದ್ದೆ ಬಟ್ಟೆಯನ್ನೇ ನೋಡಿದ.

"ಅಷ್ಟು ಕೊಟ್ಟಿದ್ದರೆ ಮಗು ಸಾಯ್ತಿತ್ತು."

"ಗೊತ್ತು. ಓಡಿ ಬಂದೆ."

"ಇದೊಂದೇನಾ? ಆರು ವರ್ಷದಲ್ಲಿ ಇನ್ನೆಷ್ಟು ತಮಾಷೆ?"

"ಇದೊಂದೇ. ನಿನ್ನಾಣೆ."

"ಅದನ್ನೂ ನೀನೇ ಹೇಳಬೇಕು, ನಾನು ನಂಬಬೇಕು."

ಮಲ್ಲಾರಿ ಹೊಸಬನನ್ನು ಮನೆಗೆ ಕಳಿಸಿದ. ಮದ್ದಿನ ಡಬ್ಬಿಗಳನ್ನು ಒಂದೊಂದಾಗಿ ಹೊಳೆಗೆ ಸುರಿದ. ತಿಪ್ಪೇಶ ಅವನ ಕೈ ಹಿಡಿಯಲು ಹೋದ. ಅವನು ಕೊಡವಿಕೊಂಡ.

ತಿಪ್ಪೇಶ ವಾಪಸು ಬಂದು ಗುರುಗಳ ಕಾಲ ಬಳಿ ಕೂತು ಎಲ್ಲ ಹೇಳಿದ.

"ನೀವು ಬಂದು ಒಂದು ಮಾತು ಹೇಳಿ, ಗುರುಗಳೇ. ಉಳಿದ ಉತ್ತರವೆಲ್ಲ ಸರಿ ಇದೆ ಅಂತ. ನಿಮ್ಮನ್ನಾದರೆ ನಂಬ್ತಾನೆ."

ಗುರುಗಳು ಬಿಚ್ಚಿದ ಎಳೆಗಳನ್ನು ಮತ್ತೆ ಹೊಸೆಯಲು ನೋಡಿದರು. ಹುರಿ ಕೂರಲಿಲ್ಲ.

"ನೀನು ಅವನಿಗೆ ಏನೇನು ಹೇಳಿದೆಯೋ ನನಗೇನು ಗೊತ್ತಪ್ಪಾ? ಆರು ವರ್ಷ ಅವನೆದುರು ಕೂತಿದ್ದವನು ನೀನು."